ಕರೆಂಟ್ ಹೋದರೆ ನೀರು ಎಲ್ಲಿಗೆ ಹೋಗುತ್ತದೆ? ಮನೆಯ ಉಪ್ಪುನೀರಿನ ಟ್ಯಾಂಕಿಗೆ ಸಂಪ್, ಸ್ಕಿಮ್ಮರ್ ಜೋಡಿಸುವ ಬಗೆ

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬೈ, ಠಾಣೆ, ನವಿ ಮುಂಬೈ ಎಲ್ಲ ಕಡೆ ಒಟ್ಟಿಗೇ ಕರೆಂಟ್ ಹೋಯಿತು. ಲೋಕಲ್ ಟ್ರೈನುಗಳು ಹಳಿ ಮೇಲೆಯೇ ನಿಂತವು. ಮುಲುಂಡಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ನಾನು ಒಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಕಾಲು ಗಂಟೆಯೂ ಆಗಿರಲಿಲ್ಲ, ಕೆಳಗಿನ ಮನೆಯ ಕಾಕು ಫೋನ್ ಮಾಡಿದರು. "ಅಗ, ವರೂನ್ ಪಾಣಿ ಗಳ್ತಯ್!" ಮೇಲಿಂದ ನೀರು ಸೋರುತ್ತಿದೆ ಅಂತ. ಹಾಲಿಗೆ ಓಡಿ ಬಂದು ನೋಡಿದರೆ, ಮೀನಿನ ಟ್ಯಾಂಕಿನ ಕೆಳಗಿನ ಕಪಾಟಿನಿಂದ ಉಪ್ಪುನೀರು ಹರಿದು ಸೋಫಾ ದಾಟಿ ಬಾಲ್ಕನಿ ಬಾಗಿಲ ತನಕ ಬಂದಿತ್ತು.

ಸಂಪ್ ಅಂದರೆ ಇಲ್ಲಿ ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಡುವ ಎರಡನೇ ಗಾಜಿನ ತೊಟ್ಟಿ. ಮೇಲಿನ ನೀರು ಅದಕ್ಕೆ ಇಳಿದು ಶುದ್ಧವಾಗುತ್ತದೆ, ಪಂಪ್ ಅದನ್ನು ಮತ್ತೆ ಮೇಲೆ ತಳ್ಳುತ್ತದೆ. ಅದನ್ನು ಜೋಡಿಸಿ ಆಗ ಒಂದು ತಿಂಗಳಾಗಿತ್ತು. ಪಂಪ್ ಓಡುವಷ್ಟು ದಿನ ಎಲ್ಲ ಸರಿಯಾಗಿಯೇ ಇತ್ತು. ಪಂಪ್ ನಿಂತಾಗ ಏನಾಗುತ್ತದೆ ಎಂದು ನಾನು ಲೆಕ್ಕ ಹಾಕಿರಲಿಲ್ಲ. ಅದಕ್ಕೇ ಈ ಬರಹವನ್ನು ಆ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಯಾವ ಸ್ಕಿಮ್ಮರ್ (ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸಾಧನ) ತರಬೇಕು, ಯಾವ ಪಂಪ್ ಒಳ್ಳೆಯದು ಅನ್ನೋದೆಲ್ಲ ಆಮೇಲೆ.

ಮೊದಲು ಟೇಪ್ ಹಿಡಿದು ಅಳೆಯಿರಿ

ನಮ್ಮ ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಟ್ಟು ಸುಮಾರು 255 ಲೀಟರ್. ಮರಳು, ಕಲ್ಲು ಕಳೆದರೆ ನೀರು 220 ಲೀಟರ್ ಹಿಡಿಯುತ್ತದೆ. ಇದರಲ್ಲಿ ನೆನಪಿಡಬೇಕಾದದ್ದು ಒಂದೇ ಅಂಕಿ: ಈ ಟ್ಯಾಂಕಿನಲ್ಲಿ ನೀರು ಒಂದು ಇಂಚು ಇಳಿದರೆ 14 ಲೀಟರ್ ಕೆಳಗೆ ಬರುತ್ತದೆ.

ಕೆಳಗಿನ ಸಂಪ್ 30 ಇಂಚು ಉದ್ದ, 15 ಇಂಚು ಅಗಲ, 15 ಇಂಚು ಎತ್ತರ. ಅಲ್ಲಿ ಒಂದು ಇಂಚಿಗೆ ಏಳೂವರೆ ಲೀಟರ್ ಕೂಡ ಇಲ್ಲ. ಅಂದರೆ ಮೇಲೆ ಒಂದು ಇಂಚು ಇಳಿದರೆ ಕೆಳಗೆ ಸುಮಾರು ಎರಡು ಇಂಚು ಏರುತ್ತದೆ. ನಾನು ಸಂಪ್‌ನಲ್ಲಿ ಎಂಟು ಇಂಚು ನೀರು ಇಟ್ಟಿದ್ದೆ. ಉಳಿದ ಏಳು ಇಂಚು ಖಾಲಿ ಜಾಗ, 51 ಲೀಟರ್. ಧಾರಾಳವಾಯಿತು ಅಂದುಕೊಂಡಿದ್ದೆ.

ನೀರನ್ನು ಮೇಲೆ ತಳ್ಳುವ ಪೈಪಿನ ಬಾಯಿ ಮಾತ್ರ ಟ್ಯಾಂಕಿನೊಳಗೆ ನಾಲ್ಕು ಇಂಚು ಆಳದಲ್ಲಿತ್ತು. ಪಂಪ್ ನಿಂತ ಕೂಡಲೇ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಎಳೆದುಕೊಳ್ಳಲು ಶುರುವಾಯಿತು. ಬ್ಯಾರೆಲ್‌ಗೆ ಟ್ಯೂಬ್ ಇಳಿಸಿ ಬಾಯಲ್ಲಿ ಎಳೆದು ನೀರು ಇಳಿಸುತ್ತೇವಲ್ಲ, ಅದೇ ಕೆಲಸ. ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವ ತನಕ ಅದು ನಿಲ್ಲುವುದಿಲ್ಲ. ನಾಲ್ಕು ಇಂಚಿಗೆ 56 ಲೀಟರ್, ಪೈಪುಗಳಲ್ಲಿದ್ದದ್ದು ಇನ್ನೊಂದು ನಾಲ್ಕು. 60 ಲೀಟರ್ ಬಂತು, ಜಾಗ ಇದ್ದದ್ದು 51ಕ್ಕೆ. ಮಿಕ್ಕ ಒಂಬತ್ತು ಲೀಟರ್ ಕಾಕು ಮನೆಯ ಚಾವಣಿಗೆ.

ಹೀಗಾಗಬಾರದು ಎಂದು ಪೈಪಿನಲ್ಲಿ, ನೀರಿನ ಮಟ್ಟದ ಸ್ವಲ್ಪ ಕೆಳಗೆ, ಒಂದು ಸಣ್ಣ ತೂತು ಕೊರೆದಿದ್ದೆ. ನೀರು ಇಳಿದ ಕೂಡಲೇ ಆ ತೂತು ಗಾಳಿ ಎಳೆದು ಹರಿವನ್ನು ಕಡಿಯಬೇಕು. ಒಂದು ತಿಂಗಳಲ್ಲಿ ಅದರೊಳಗೆ ಪಾಚಿ ಬೆಳೆದಿತ್ತು. ಆಮೇಲೆ ಬೆಂಕಿಕಡ್ಡಿಯಿಂದ ಚುಚ್ಚಿದಾಗ ಹಸಿರು ಎಳೆಯೊಂದು ಉದ್ದಕ್ಕೆ ಹೊರಗೆ ಬಂತು. ಸಾಸಿವೆ ಕಾಳಿನಷ್ಟು ಪಾಚಿ, ಅಷ್ಟೇ.

ಅದಕ್ಕೇ ಹೇಳುತ್ತೇನೆ, ತೂತನ್ನೂ ನಂಬಬೇಡಿ, ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವನ್ನೂ ನಂಬಬೇಡಿ. ವಾಲ್ವಿನ ರೆಕ್ಕೆಯಲ್ಲಿ ಒಂದು ಸಣ್ಣ ಬಸವನಹುಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಪೈಪಿನ ಬಾಯಿಯನ್ನೇ ನೀರಿನ ಮೇಲ್ಮೈಯಿಂದ ಅರ್ಧ ಇಂಚಿಗಿಂತ ಕೆಳಗೆ ಇಡಬೇಡಿ. ಆಗ ಎಲ್ಲವೂ ಕೈಕೊಟ್ಟರೂ ಟ್ಯಾಂಕಿನಿಂದ ಇಳಿಯುವುದು ಏಳು ಲೀಟರ್, ಪೈಪುಗಳಿಂದ ನಾಲ್ಕು. ತೂತು ಇರಲಿ, ಆದರೆ ಅದು ಎರಡನೇ ಕಾವಲು.

ಸ್ಕಿಮ್ಮರ್ ಮಾಡುವ ಕೆಲಸ

ನಮ್ಮ ಟ್ಯಾಂಕಿನಲ್ಲಿ ಇರುವುದು ಎರಡು ಕ್ಲೌನ್ ಮೀನು, ಮೂರು ಡ್ಯಾಮ್ಸೆಲ್, ಒಂದು ಗೋಬಿ, ಒಂದು ಕ್ಲೀನರ್ ಸಿಗಡಿ. ಹವಳ ಇಲ್ಲ. ನಮ್ಮ ಕಡಲಿನ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಂಗಡಿಯವರು ಏನೇ ಹೇಳಲಿ, ಅದನ್ನು ಮುಟ್ಟದಿರುವುದೇ ಸರಿ. ಕ್ಲೌನ್ ಕೊಳ್ಳುವಾಗಲೂ ಕಡಲಿನಿಂದ ಹಿಡಿದದ್ದೋ, ಹ್ಯಾಚರಿಯಲ್ಲಿ ಮರಿ ಮಾಡಿಸಿದ್ದೋ ಎಂದು ಕೇಳಿ. ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ಕ್ಲೌನ್ ಮರಿ ಮಾಡಿಸುವ ವಿಧಾನ ರೂಢಿಸಿದ್ದಾರೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ತೊಟ್ಟಿಯಲ್ಲಿ ಚೆನ್ನಾಗಿ ಬಾಳುತ್ತದೆ.

ಮೊದಲ ಎರಡು ವರ್ಷ ಬರೀ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿ) ಇತ್ತು. ನೀರು ನೋಡಲು ತಿಳಿ. ಟೆಸ್ಟ್ ಮಾಡಿದರೆ ನೈಟ್ರೇಟ್ ಲೀಟರಿಗೆ 80 ಮಿಲಿಗ್ರಾಂ. ಕಲ್ಲಿನ ಮೇಲೆಲ್ಲ ಕಂದು ಪಾಚಿ. ಕಾರಣ ಸರಳ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಕ್ಯಾನಿಸ್ಟರಿನ ಸ್ಪಂಜಿನಲ್ಲಿ ಸಿಕ್ಕಿಕೊಂಡರೂ ಅದು ನೀರಿನ ದಾರಿಯಲ್ಲೇ ಇರುತ್ತದೆ. ಅಲ್ಲೇ ಕೊಳೆತು ಅಮೋನಿಯಾ ಆಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ವಿಷ ಕಡಿಮೆಯಾಗುತ್ತದೆ ನಿಜ, ಆದರೆ ಕೊಳೆ ಮನೆ ಬಿಟ್ಟು ಹೋಗಲಿಲ್ಲ.

ಸ್ಕಿಮ್ಮರ್ ಕೊಳೆಯುವ ಮೊದಲೇ ಎತ್ತಿ ಹೊರಗೆ ಹಾಕುತ್ತದೆ. ಆಲೆಮನೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಪಕ್ಕದಲ್ಲಿ ನಿಂತವರು ಅದನ್ನು ಬಾಚಿ ಬಾಚಿ ತೆಗೆಯುತ್ತಾರೆ. ಸ್ಕಿಮ್ಮರಿನಲ್ಲಿ ಬೆಂಕಿಯ ಬದಲು ಗಾಳಿ. ಸಣ್ಣ ಮೋಟರ್ ಒಂದು ಗಾಳಿಯನ್ನು ನೀರಿಗೆ ಬೆರೆಸಿ ಹಾಲಿನಂಥ ಸಣ್ಣ ಗುಳ್ಳೆ ಮಾಡುತ್ತದೆ. ನೀರಿನಲ್ಲಿ ಕರಗಿದ ಕೊಳೆಯ ಕಣಗಳಿಗೆ ಒಂದು ತುದಿ ನೀರನ್ನು ಒಲ್ಲದು, ಅದು ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೆ ಹೋಗುತ್ತದೆ. ಸ್ಕಿಮ್ಮರಿನ ಕತ್ತು ದಾಟಿದ ನೊರೆ ಅದರ ಮೇಲಿರುವ ಕಪ್‌ಗೆ ಬಿದ್ದು ಕಡು ಚಹಾ ಬಣ್ಣದ ನೀರಾಗುತ್ತದೆ. ನಾನು ಹೊನ್ನಾವರದವಳು. ಮಳೆಗಾಲದಲ್ಲಿ ಅಲೆಯ ಜೊತೆ ದಡಕ್ಕೆ ಬರುವ ಕಂದು ನೊರೆಯನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ನೊರೆ ಹುಟ್ಟುವುದೂ ಹೀಗೇ ಎಂದು ಗೊತ್ತಾದದ್ದು ಮುಲುಂಡಿನಲ್ಲಿ, ಒಂದು ಪ್ಲಾಸ್ಟಿಕ್ ಕಪ್ಪು ತೊಳೆಯುವಾಗ.

ಸಿಹಿನೀರಿನಲ್ಲಿ ಇದು ನಡೆಯುವುದಿಲ್ಲ ಅಂತಲೇ ಹೇಳಬಹುದು. ಅಲ್ಲಿ ಗುಳ್ಳೆಗಳು ಕೂಡಿ ದೊಡ್ಡದಾಗಿ ಒಡೆದುಹೋಗುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆ ಸಣ್ಣದಾಗಿ ನಿಲ್ಲುತ್ತದೆ.

ಗಾತ್ರ ನೋಡುವಾಗ ಟ್ಯಾಂಕ್ ಮತ್ತು ಸಂಪ್ ಎರಡರ ನೀರನ್ನೂ ಕೂಡಿಸಿ. ನಮ್ಮದು ಸುಮಾರು 280 ಲೀಟರ್, ನಾನು ತಂದದ್ದು 400 ಲೀಟರ್ ಟ್ಯಾಂಕಿಗೆ ಎಂದಿದ್ದ ಸ್ಕಿಮ್ಮರ್. ಡಬ್ಬಿಯ ಮೇಲೆ ಬರೆದ ಅಂಕಿ ಕಡಿಮೆ ಮೀನಿನ ಟ್ಯಾಂಕಿಗೆ. ಹಾಗೆಂದು ತೀರಾ ದೊಡ್ಡದೂ ಬೇಡ. ಕೊಳೆ ಸಾಲದಿದ್ದರೆ ನೊರೆ ಕತ್ತಿನವರೆಗೆ ಏರುವುದೇ ಇಲ್ಲ.

ತೂತು, ಪೈಪು, ಪ್ಲಂಬರ್

ಟ್ಯಾಂಕಿನ ಹಿಂದಿನ ಗಾಜಿಗೆ ತೂತು ಕೊರೆಸುವ ಮೊದಲು ಅದು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು ಅಲ್ಲ ಎಂದು ಖಚಿತ ಮಾಡಿಕೊಳ್ಳಿ. ಟಫನ್ಡ್ ಆಗಿದ್ದರೆ ಡ್ರಿಲ್ ಮುಟ್ಟಿದ ಕ್ಷಣದಲ್ಲಿ ಇಡೀ ಗಾಜು ಪುಡಿಪುಡಿ. ನಾವು ಒಂದು ಶನಿವಾರ ಮೀನುಗಳನ್ನು, ಕಲ್ಲುಗಳನ್ನು ಅದೇ ಟ್ಯಾಂಕಿನ ನೀರಿನ ಜೊತೆ ದೊಡ್ಡ ಟಬ್ಬುಗಳಿಗೆ ಹಾಕಿ, ಬ್ಯಾಟರಿ ಏರ್ ಪಂಪ್ ಬಿಟ್ಟು, ಗಾಜಿನ ಕೆಲಸದ ಕಾಚ್‌ವಾಲಾನನ್ನು ಕರೆಸಿದೆವು. ಅವನು ದುಂಡಗೆ ಕೊರೆಯುವ ಹೋಲ್ ಸಾ ಮೇಲೆ ಸಣ್ಣಗೆ ನೀರು ಬಿಡುತ್ತಾ, ಒತ್ತದೆ, ಒಂದೊಂದು ತೂತಿಗೆ ಹತ್ತು ನಿಮಿಷ ತೆಗೆದುಕೊಂಡ. ಅವಸರ ಮಾಡುವವನಾದರೆ ಬೇಡ ಅನ್ನಿ.

ಟ್ಯಾಂಕಿನ ಒಳಗೆ ಹಲ್ಲುಹಲ್ಲಾದ ಅಂಚಿರುವ ಒಂದು ಕಪ್ಪು ಪೆಟ್ಟಿಗೆ ಕೂರಿಸುತ್ತಾರೆ. ಮೇಲ್ಮೈ ನೀರು ಹಲ್ಲುಗಳ ಮಧ್ಯೆ ಪೆಟ್ಟಿಗೆಗೆ ಬೀಳುತ್ತದೆ, ಅಲ್ಲಿಂದ ಕೆಳಗೆ. ಈ ಪೆಟ್ಟಿಗೆಯಿಂದ ಎರಡು ಪೈಪು ಇಳಿಯಲೇಬೇಕು. ಒಂದು ಕೆಲಸದ್ದು, ಕೆಳಗೆ ಗೇಟ್ ವಾಲ್ವ್ ಇರುವುದು. ಅದನ್ನು ತಿರುಗಿಸಿ ಪೆಟ್ಟಿಗೆಯ ನೀರಿನ ಮಟ್ಟ ನಿಲ್ಲಿಸಿದರೆ ಪೈಪು ತುಂಬಿ ಹರಿಯುತ್ತದೆ, ಗಳಗಳ ಸದ್ದಿರುವುದಿಲ್ಲ. ಇನ್ನೊಂದರ ಬಾಯಿ ಸ್ವಲ್ಪ ಮೇಲೆ, ಸಾಧಾರಣವಾಗಿ ಒಣಗಿಯೇ ಇರುತ್ತದೆ. ಮೊದಲನೆಯದಕ್ಕೆ ಏನಾದರೂ ಸಿಕ್ಕಿಕೊಂಡ ದಿನ ಇಡೀ ಮನೆಯನ್ನು ಕಾಯುವುದು ಈ ಎರಡನೆಯದು. ಇದಕ್ಕೆ ವಾಲ್ವ್ ಹಾಕಬೇಡಿ. ಒಂದೇ ತೂತು ಸಾಕು ಅನ್ನುವ ಮಾತು ಕೇಳಲೇಬೇಡಿ.

ಪ್ಲಂಬರ್ ಬಂದಾಗ ಪಕ್ಕದಲ್ಲೇ ನಿಂತಿರಿ. ನಮ್ಮವರು ಒಳ್ಳೆಯ ಕೆಲಸಗಾರ, ಆದರೆ ಗಟ್ಟಿಯಾಗಿರಲಿ ಎಂದು ಹಿತ್ತಾಳೆಯ ಟ್ಯಾಂಕ್ ನಿಪ್ಪಲ್ ತಂದಿದ್ದರು. ಹಿತ್ತಾಳೆಯಲ್ಲಿ ತಾಮ್ರ ಇದೆ. ಉಪ್ಪುನೀರಿಗೆ ತಾಮ್ರ ಬಿಟ್ಟರೆ ಸಿಗಡಿ, ಬಸವನಹುಳು ಉಳಿಯುವುದಿಲ್ಲ. ನಿಪ್ಪಲ್, ಎಲ್ಬೋ, ಯೂನಿಯನ್, ವಾಲ್ವ್ ಎಲ್ಲ ಪ್ಲಾಸ್ಟಿಕ್ಕಿನದೇ ಆಗಿರಲಿ. ಪಂಪಿನ ಮೇಲೆ ಒಂದು ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಜೋಡಣೆ) ಕೊಡಿಸಿ, ಇಲ್ಲವಾದರೆ ಮುಂದೆ ಪಂಪ್ ತೊಳೆಯಲು ಪೈಪನ್ನೇ ಕತ್ತರಿಸಬೇಕು. ಸಿಲಿಕೋನ್ ತರುವಾಗ ಬೂಷ್ಟು ತಡೆಯುವ ಔಷಧಿ ಸೇರಿಸಿದ ಬಾತ್‌ರೂಮ್ ಸಿಲಿಕೋನ್ ಬೇಡ, ಅಕ್ವೇರಿಯಂಗೆ ಎಂದೇ ಇರುವುದು ಬೇಕು.

ಸಂಪ್‌ನೊಳಗೆ ಮೂರು ಕೋಣೆ ಸಾಕು. ಮೊದಲನೆಯದರಲ್ಲಿ ನೀರು ಬೀಳುವ ಕಡೆ ಒಂದು ಫಿಲ್ಟರ್ ಚೀಲ, ಮತ್ತು ಸ್ಕಿಮ್ಮರ್. ನಡುವಿನದರಲ್ಲಿ ಬ್ಯಾಕ್ಟೀರಿಯಾ ನೆಲೆಸುವ ಸೆರಾಮಿಕ್ ಮೀಡಿಯಾ, ಒಂದು ಬಟ್ಟಲಿನಷ್ಟು ಕಾರ್ಬನ್. ಕೊನೆಯದರಲ್ಲಿ ಪಂಪ್. ಮಧ್ಯದ ಗಾಜುಗಳು ಒಂದು ಮೇಲೆ ಒಂದು ಕೆಳಗೆ ಹೀಗೆ ಇದ್ದರೆ ಗುಳ್ಳೆಗಳು ಅಲ್ಲೇ ಸಾಯುತ್ತವೆ. ಸ್ಕಿಮ್ಮರ್ ಇರುವ ಕೋಣೆಯ ನೀರಿನ ಮಟ್ಟ ಯಾವಾಗಲೂ ಒಂದೇ ಆಗಿರಬೇಕು. ಇದು ತುಂಬಾ ಮುಖ್ಯ. ಅರ್ಧ ಇಂಚು ಹೆಚ್ಚಾದರೂ ಸ್ಕಿಮ್ಮರಿನ ಕಪ್ ಬರೀ ನೀರಿನಿಂದ ತುಂಬುತ್ತದೆ, ಕಡಿಮೆಯಾದರೆ ನೊರೆ ಏರುವುದಿಲ್ಲ. ನೀರು ಆವಿಯಾದಾಗ ಇಳಿಯುವುದು ಪಂಪಿನ ಕೋಣೆಯಲ್ಲಿ ಮಾತ್ರ, ಹಾಗೆ ಗಾಜು ಕೂರಿಸಿ. ಸ್ಕಿಮ್ಮರ್ ಎಷ್ಟು ಇಂಚು ನೀರಿನಲ್ಲಿ ನಿಲ್ಲಬೇಕು ಎಂದು ಅದರ ಕಾಗದದಲ್ಲೇ ಇರುತ್ತದೆ. ಜಾಸ್ತಿ ಮುಳುಗಿದರೆ ಕೆಳಗೆ ಪಿವಿಸಿ ತುಂಡು ಕೊಟ್ಟು ಎತ್ತರಿಸಿ.

ಪಂಪಿನ ಮೇಲೆ ಬರೆದ ಅಂಕಿ ನೀರನ್ನು ಎತ್ತರಕ್ಕೆ ಏರಿಸದೆ ಇರುವಾಗಿನದು. ನಾನು ತಂದದ್ದು ಗಂಟೆಗೆ 2500 ಲೀಟರ್ ಎಂದಿದ್ದ ಪಂಪ್. ನಾಲ್ಕೂವರೆ ಅಡಿ ಎತ್ತರದಲ್ಲಿ ಬಕೆಟ್ ಹಿಡಿದು ಅಳೆದೆ, 10 ಲೀಟರ್ ತುಂಬಲು 32 ಸೆಕೆಂಡ್ ಹಿಡಿಯಿತು. ಅಂದರೆ ಗಂಟೆಗೆ ಸುಮಾರು 1100 ಲೀಟರ್. ಟ್ಯಾಂಕಿನ ನೀರು ಗಂಟೆಗೆ ನಾಲ್ಕೈದು ಸಲ ಸಂಪ್ ಸುತ್ತಿದರೆ ಸಾಕು. ಪಂಪ್ 40 ವ್ಯಾಟ್, ಸ್ಕಿಮ್ಮರ್ 15 ವ್ಯಾಟ್, ದಿನವಿಡೀ ಓಡಿದರೆ ತಿಂಗಳಿಗೆ 40 ಯೂನಿಟ್. ಬಿಲ್ಲಿನ ಲೆಕ್ಕ ಮೊದಲೇ ಮಾಡಿಕೊಳ್ಳಿ.

ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೇರಬೇಕು. ಆಗ ವೈರ್ ಗುಂಟ ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇಲ್ಲದಿದ್ದರೆ, ಸಂಪ್‌ಗಿಂತ ಮೊದಲು ಅದನ್ನು ಹಾಕಿಸಿ. ಉಪ್ಪುನೀರಿನಲ್ಲಿ ಕೈ ಮುಳುಗಿಸುವ ಕೆಲಸ ಇದು.

ಹೊಸ ನೀರು

ಸಂಪ್ ಬಂದರೆ ಇನ್ನೂ 60 ಲೀಟರ್ ಉಪ್ಪುನೀರು ಬೇಕು. ಇದಕ್ಕೆ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ ಸಮುದ್ರದ ಉಪ್ಪಿನ ಮಿಶ್ರಣ ಸಾಕು. ಹಿಂದಿನ ದಿನವೇ ಕಲಸಿ, ಪಂಪ್ ಬಿಟ್ಟು, ಸಾಂದ್ರತೆ 1.025 ಬಂತೇ ನೋಡಿ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಡುಗೆಮನೆಯ ಪ್ಯೂರಿಫೈಯರ್ ಹಲವು ಬಾರಿ ರುಚಿಗೆಂದು ಕಚ್ಚಾ ನೀರನ್ನೇ ಬೆರೆಸುತ್ತದೆ. ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆ ತೋರಿಸುವ ಆರ್‌ಓ ಡಿಐ ನೀರು, ಅಂದರೆ ಲವಣವೆಲ್ಲ ತೆಗೆದ ನೀರು ಬೇಕು. ಕಡಲು ಪಕ್ಕದಲ್ಲೇ ಇದೆಯಲ್ಲ ಎಂದು ಜುಹುದಿಂದಲೋ ವರ್ಸೋವಾದಿಂದಲೋ ಕ್ಯಾನ್ ತುಂಬಿ ತರಬೇಡಿ. ನಗರದ ಗಟಾರದ ನೀರು ಸೇರುವ ದಡ ಅದು.

ದಿನಾ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ತುಂಬಿಸುವುದು ಸಿಹಿ ಆರ್‌ಓ ನೀರನ್ನು. ಮೇ ತಿಂಗಳಲ್ಲಿ ಫ್ಯಾನ್ ಹಾಕಿದರೆ ನಮ್ಮಲ್ಲಿ ದಿನಕ್ಕೆ ನಾಲ್ಕು ಲೀಟರ್ ಹೋಗುತ್ತದೆ. ಮಳೆಗಾಲದಲ್ಲಿ ಒಂದೂವರೆ.

ಹಳೆಯ ಕ್ಯಾನಿಸ್ಟರನ್ನು ತಕ್ಷಣ ತೆಗೆಯಬೇಡಿ. ಬ್ಯಾಕ್ಟೀರಿಯಾ ಇರುವುದೇ ಅದರೊಳಗೆ. ನಾನು ಅದರ ಅರ್ಧ ಮೀಡಿಯಾವನ್ನು ಸಂಪ್‌ಗೆ ಹಾಕಿ, ಉಳಿದದ್ದನ್ನು ಆರು ವಾರ ಹಾಗೇ ಓಡಿಸಿದೆ. ಮೊದಲ ಎರಡು ವಾರ ದಿನಾ ಅಮೋನಿಯಾ ಟೆಸ್ಟ್.

ನೊರೆ ಹದಕ್ಕೆ ಬರುವ ತನಕ

ಹೊಸ ಸ್ಕಿಮ್ಮರನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಗಂಟೆ ಓಡಿಸಿ ತೊಳೆಯಿರಿ. ಆದರೂ ಮೊದಲ ವಾರ ಅದು ಹೇಳಿದ ಮಾತು ಕೇಳುವುದಿಲ್ಲ. ಒಂದು ದಿನ ನೊರೆಯೇ ಇಲ್ಲ, ಮರುದಿನ ಕಪ್ಪು ಉಕ್ಕುತ್ತದೆ. ನೀರು ಹೊರಹೋಗುವ ವಾಲ್ವನ್ನು ಪೂರ್ತಿ ತೆರೆದು ಬಿಟ್ಟುಬಿಡಿ. ಎಂಟು ಹತ್ತು ದಿನಗಳಲ್ಲಿ ಒಳಮೈಗೆ ಒಂದು ತೆಳು ಪದರ ಕಟ್ಟುತ್ತದೆ, ಆಮೇಲೆ ನೊರೆ ಸ್ಥಿರವಾಗುತ್ತದೆ. ಆಗ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ಒಂದು ದಿನ ಕಾಯಿರಿ. ಗಂಟೆಗೊಮ್ಮೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದೇ ತಿಳಿಯುವುದಿಲ್ಲ.

ನನ್ನ ಸ್ಕಿಮ್ಮರ್ ಭಾನುವಾರ ಮಾತ್ರ ಮಧ್ಯಾಹ್ನದವರೆಗೆ ನೊರೆ ಬಿಡುತ್ತಿರಲಿಲ್ಲ. ಮೂರು ವಾರ ತಲೆ ಕೆಡಿಸಿಕೊಂಡೆ. ಭಾನುವಾರ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಮೇಲೆ ಟ್ಯಾಂಕಿನ ಗಾಜು ಒರೆಸುವುದು ನನ್ನ ರೂಢಿ. ಸೋಪು ಹಾಕಿ ತೊಳೆದರೂ ಕೈಯಲ್ಲಿ ಉಳಿದ ಚೂರು ಎಣ್ಣೆ ಸಾಕು, ನೊರೆ ಕುಸಿಯುತ್ತದೆ. ಈಗ ಗಾಜು ಮೊದಲು, ಎಣ್ಣೆ ಆಮೇಲೆ.

ಇನ್ನೊಂದು ಮಾತು, ನಮ್ಮ ಮನೆಗಳಿಗೆ ಬಹಳ ಮುಖ್ಯವಾದದ್ದು. ಸ್ಕಿಮ್ಮರ್ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬೆರೆಸುತ್ತದೆ. ಅಂದರೆ ಅತ್ತೆ ಸಂಜೆ ಹಾಕುವ ಸಾಂಬ್ರಾಣಿ ಹೊಗೆ, ಊದುಬತ್ತಿ, ಜಿರಳೆಯ ಸ್ಪ್ರೇ, ಎಲ್ಲವೂ ಮೀನಿನ ನೀರಿಗೆ. ಸೊಳ್ಳೆ, ಜಿರಳೆ ಔಷಧಿಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ಘೋರ ವಿಷ. ನಾನು ಸ್ಕಿಮ್ಮರಿನ ಗಾಳಿಯ ಟ್ಯೂಬಿಗೆ ಎರಡು ಮೀಟರ್ ಏರ್ ಟ್ಯೂಬ್ ಜೋಡಿಸಿ ಕಿಟಕಿಯ ಹೊರಗೆ ಬಿಟ್ಟೆ, ತುದಿಗೆ ಸ್ವಲ್ಪ ಸ್ಪಂಜು. ಅತ್ತೆಯ ಪೂಜೆಯೂ ನಡೆಯುತ್ತದೆ, ಮೀನಿಗೂ ತೊಂದರೆ ಇಲ್ಲ. ಕಿಟಕಿ ಮುಚ್ಚಿ ಎಸಿ ಹಾಕಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ನೀರಿನ ಪಿಎಚ್ ಇಳಿಯುತ್ತದೆ, ಹೊರಗಿನ ಗಾಳಿ ಅದನ್ನೂ ಸರಿಮಾಡಿತು.

ಮೀನಿಗೆ ಔಷಧಿ ಹಾಕುವ ದಿನ ಸ್ಕಿಮ್ಮರ್ ಬಂದ್ ಮಾಡಿ, ಬದಲಿಗೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಡಿ. ಕಪ್ಪನ್ನು ಮೂರು ದಿನಕ್ಕೊಮ್ಮೆ, ಕತ್ತಿನ ಒಳಗಿನ ಜಿಡ್ಡನ್ನೂ ಸೇರಿಸಿ ತೊಳೆಯಿರಿ. ಜಿಡ್ಡು ದಪ್ಪಗಾದರೆ ನೊರೆ ಅಲ್ಲೇ ನಿಲ್ಲುತ್ತದೆ. ಫಿಲ್ಟರ್ ಚೀಲವೂ ಮೂರು ನಾಲ್ಕು ದಿನಕ್ಕೊಮ್ಮೆ, ಇಲ್ಲದಿದ್ದರೆ ಅದೇ ಇನ್ನೊಂದು ಕ್ಯಾನಿಸ್ಟರ್ ಆಗುತ್ತದೆ. ಯುವಿ ದೀಪ, ಇನ್ನಿತರ ರಿಯಾಕ್ಟರುಗಳು ಇಷ್ಟು ಮೀನಿಗೆ ಬೇಕಾಗಿಲ್ಲ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸುವುದನ್ನು ಮಾತ್ರ ಬಿಡಬೇಡಿ. ಆಗಲೇ ಇರುವ ನೈಟ್ರೇಟನ್ನು ಸ್ಕಿಮ್ಮರ್ ತೆಗೆಯುವುದಿಲ್ಲ, ಹೊಸದು ಹೆಚ್ಚು ಹುಟ್ಟದಂತೆ ನೋಡಿಕೊಳ್ಳುತ್ತದೆ. ನಮ್ಮಲ್ಲಿ 80ರಿಂದ 20ಕ್ಕೆ ಇಳಿಯಲು ನಾಲ್ಕು ತಿಂಗಳು ಹಿಡಿಯಿತು.

ಮೀನುಗಳನ್ನು ವಾಪಸ್ ಬಿಡುವ ಮೊದಲು ಮೂರು ಸಲ ಪರೀಕ್ಷೆ ಮಾಡಿ ನೋಡಿ. ಗಾಳಿ ತೂತಿಗೆ ಟೇಪ್ ಅಂಟಿಸಿ ಪಂಪಿನ ಸ್ವಿಚ್ ತೆಗೆದು ಒಮ್ಮೆ, ಟೇಪ್ ಇಲ್ಲದೆ ಸ್ವಿಚ್ ತೆಗೆದು ಒಮ್ಮೆ, ಕೆಲಸದ ಪೈಪಿನ ಬಾಯಿಗೆ ಬಟ್ಟೆ ತುರುಕಿ ಪಂಪ್ ಓಡಿಸುತ್ತಾ ಒಮ್ಮೆ. ಈ ಕೊನೆಯದರಲ್ಲಿ ಒಣ ಪೈಪೊಂದೇ ಪೂರ್ತಿ ನೀರನ್ನು ಇಳಿಸಬೇಕು. ನಾನು ಅಂದು ಇದನ್ನು ಮಾಡಿದ್ದರೆ ಕಾಕು ಮನೆಯ ಚಾವಣಿಗೆ ಬಣ್ಣ ಹೊಡೆಸುವ ಪ್ರಮೇಯ ಬರುತ್ತಿರಲಿಲ್ಲ. ಬಣ್ಣ ಹೊಡೆಸಿದ ದಿನ ಕಾಕು ಮೇಲೆ ಬಂದು ಅರ್ಧ ಗಂಟೆ ಕ್ಲೌನ್ ನೋಡುತ್ತಾ ಕೂತಿದ್ದರು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಮಗ ಸ್ವಿಚ್ ತೆಗೆಯುತ್ತಾನೆ, ನಾನು ಕಪಾಟಿನ ಮುಂದೆ ಟಾರ್ಚ್ ಹಿಡಿದು ಕೂರುತ್ತೇನೆ. ಸಂಪ್‌ನ ಗಾಜಿಗೆ ಹೊರಗಿನಿಂದ ಕೆಂಪು ಟೇಪ್ ಅಂಟಿಸಿದೆ, ಅಂಚಿನಿಂದ ಐದು ಇಂಚು ಕೆಳಗೆ. ನೀರು ಏರುತ್ತದೆ, ನಿಧಾನವಾಗುತ್ತದೆ. ಪೈಪಿನಲ್ಲಿ ಗಾಳಿ ಎಳೆದ ಸದ್ದು ಒಂದು ಸಲ ಕೇಳುತ್ತದೆ. ನೀರು ಟೇಪಿನ ಹತ್ತಿರ ಬಂದು ನಿಲ್ಲುತ್ತದೆ. "ನಿಂತ್ತು" ಎಂದು ಕೂಗುತ್ತೇನೆ, ಮಗ ಸ್ವಿಚ್ ಹಾಕುತ್ತಾನೆ.